ಹಿತ್ತಿಲ ನೆರಳಿನಲ್ಲಿ ಬೀಜದ ಕನಕಾಂಬರ

ನಮ್ಮದು ಶಿರಾ ತಾಲ್ಲೂಕಿನ ಕೆಂಪು ಭೂಮಿ. ನಾಲ್ಕು ಎಕರೆ, ಎಲ್ಲ ಮಳೆ ನಂಬಿದ್ದು. ರಾಗಿ, ಕಡಲೆಕಾಯಿ, ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ. ಇದ್ದ ಒಂದು ಬೋರು 2016ರಲ್ಲಿ ಬತ್ತಿತು, ಮತ್ತೆ ಕೊರೆಸುವ ಧೈರ್ಯ ಮಾಡಲಿಲ್ಲ. ಇಂಥವಳು ಹೂವಿನ ಬೆಳೆ ಬಗ್ಗೆ ಏನು ಬರೀತಾಳೆ ಅಂತ ನಿಮಗೆ ಅನ್ನಿಸಬಹುದು. ಇದು ಹೊಲದ ಮಾತಲ್ಲ, ಹಿತ್ತಿಲ ಮಾತು. ಮನೆ ಹಿಂದೆ ಎರಡು ಹೊಂಗೆ ಮರ, ಒಂದು ನುಗ್ಗೆ ಮರ ಇವೆ. ಅವುಗಳ ಕೆಳಗೆ ಈಗ 120 ಕನಕಾಂಬರ ಗಿಡ ಇವೆ. ನೀರು ಬಚ್ಚಲಿನದು ಮತ್ತು ಪಾತ್ರೆ ತೊಳೆದದ್ದು.

2023ರ ಬರದಲ್ಲಿ ನಮಗೆ ಕಡಲೆಕಾಯಿ ಬಿತ್ತನೆ ಬೀಜದಷ್ಟೂ ವಾಪಸ್ ಬರಲಿಲ್ಲ. ಆ ವರ್ಷ ಮಹಿಳಾ ಸಂಘದ ವಾರದ ಕಂತು ಒಂದೂ ತಪ್ಪದೆ ಕಟ್ಟಿದ್ದು ಈ ಹೂವಿನ ದುಡ್ಡಿನಿಂದ. ಅದಕ್ಕೇ ನಾಲ್ಕು ಜನಕ್ಕೆ ಹೇಳೋಣ ಅನ್ನಿಸಿತು.

ಮೊದಲು ಕೆಟ್ಟಿದ್ದನ್ನು ಹೇಳುತ್ತೇನೆ. 2017ರಲ್ಲಿ ದೆಹಲಿ ಕನಕಾಂಬರದ ಬೇರು ಬಂದ ಕಡ್ಡಿ ದುಡ್ಡು ಕೊಟ್ಟು ತಂದು ಹಾಕಿದ್ದೆ. ಹೂವು ದೊಡ್ಡದು, ಬಣ್ಣ ಗಾಢ, ಸಂತೆಯಲ್ಲಿ ನಾಲ್ಕು ಕಾಸು ಹೆಚ್ಚೇ ಸಿಗುತ್ತೆ. ಸುಳ್ಳು ಹೇಳಬಾರದು, ಆರು ತಿಂಗಳು ಚೆನ್ನಾಗೇ ಬಿಟ್ಟಿತು. ಆಮೇಲೆ ಒಂದು ಕಡೆಯಿಂದ ಗಿಡ ಕುಗ್ಗುತ್ತಾ ಬಂತು. ಎಲೆ ಸಣ್ಣದಾಗಿ ಬಣ್ಣಗೆಟ್ಟವು. ಅಂಗಡಿಯಲ್ಲಿ ಕೇಳಿದರೆ ಒಂದು ಪುಡಿ ಕೊಟ್ಟರು, ಅದು ಮುಗಿದ ಮೇಲೆ ಇನ್ನೊಂದು. ಗಿಡ ಉಳಿಯಲಿಲ್ಲ. ಕಿತ್ತು ನೋಡಿದರೆ ಬೇರು ಕಪ್ಪಾಗಿತ್ತು, ಕೂದಲಿನಂಥ ಸಣ್ಣ ಬೇರು ಒಂದೂ ಇರಲಿಲ್ಲ. ತೋಟಗಾರಿಕೆ ಓದಿರುವ ನನ್ನ ತಮ್ಮನ ಮಗ ನೋಡಿ, "ಅತ್ತೆ, ಇದು ಜಂತುಹುಳದ ಕೆಲಸ. ಕಣ್ಣಿಗೆ ಕಾಣಲ್ಲ, ಮಣ್ಣಲ್ಲಿರುತ್ತೆ. ಎಲೆಗೆ ಹೊಡೆದರೆ ಏನಾಗುತ್ತೆ?" ಅಂದ. ಕಡ್ಡಿಯ ಬುಡದಲ್ಲಿದ್ದ ಮಣ್ಣಿನ ಜೊತೆಗೇ ಅದು ನಮ್ಮ ಹಿತ್ತಿಲಿಗೆ ಬಂದಿರಬೇಕು. ಅದೇ ಜಾಗದಲ್ಲಿ ಮೊದಲು ಬದನೆ ಹಾಕಿದ್ದೂ ಸೇರಿಕೊಂಡಿರಬಹುದು. ಬದನೆ, ಟೊಮೆಟೊ ಬೇರಿನಲ್ಲೂ ಜಂತುಹುಳ ಚೆನ್ನಾಗಿ ಹೆಚ್ಚುತ್ತಂತೆ.

ದೆಹಲಿ ಕನಕಾಂಬರ ಬೀಜ ಕಟ್ಟಲ್ಲ. ಬೇರೆ ಗಿಡದಲ್ಲಿ ಜೋಡಿಯಾಗಿರುವ ವರ್ಣತಂತು ಇದರಲ್ಲಿ ಮೂರು ಮೂರು ಇರುತ್ತವಂತೆ. ಹೇಸರಗತ್ತೆ ಮರಿ ಹಾಕಲ್ಲವಲ್ಲ, ಹಾಗೆ ಅಂತ ತಿಳಿದುಕೊಂಡೆ. ಹೀಗಾಗಿ ಅದು ಬೇಕೆಂದರೆ ಯಾವಾಗಲೂ ಕಡ್ಡಿಯಿಂದಲೇ ಮಾಡಬೇಕು. ನಮ್ಮ ತಾಯಿ ಮನೆಯ ಹಿತ್ತಿಲಲ್ಲಿ ಇರುತ್ತಿದ್ದ ನಾಟಿ ಕನಕಾಂಬರ ಹಾಗಲ್ಲ, ಅದರ ಬೀಜ ತಾನೇ ಸಿಡಿದು ತಾನೇ ಹುಟ್ಟುತ್ತೆ. ಬೀಜದಿಂದ ಮಾಡಿದರೆ ಯಾರ ಹಿತ್ತಿಲ ಮಣ್ಣೂ ನಮ್ಮ ಹಿತ್ತಿಲಿಗೆ ಬರಲ್ಲ, ದುಡ್ಡೂ ಕೊಡಬೇಕಿಲ್ಲ. ಆವತ್ತಿನಿಂದ ನಾಟಿಗೇ ಬಂದುಬಿಟ್ಟೆ.

ಬೀಜ ಹಿಡಿಯೋದೇ ಇದರಲ್ಲಿ ಜಾಣತನದ ಕೆಲಸ. ಹೂವು ತೆನೆಯ ಕೆಳಗಿನಿಂದ ಅರಳುತ್ತಾ ಮೇಲಕ್ಕೆ ಹೋಗುತ್ತೆ. ಎಲ್ಲ ಬಿಟ್ಟು ಮುಗಿದ ತೆನೆಯನ್ನು ನಾವು ಚಿವುಟಿ ಹಾಕುತ್ತೇವೆ, ಆಗಲೇ ಹೊಸ ತೆನೆ ಬರೋದು. ಬೀಜಕ್ಕೆ ಅಂತ ಒಳ್ಳೆ ಬಣ್ಣದ, ಉದ್ದ ತೆನೆಯ, ರೋಗವಿಲ್ಲದ ಐದಾರು ಗಿಡ ಗುರುತು ಮಾಡಿ, ಗಿಡಕ್ಕೆ ಎರಡು ತೆನೆ ಬಿಡಬೇಕು. ಕಂದು ಬಣ್ಣಕ್ಕೆ ತಿರುಗಿ ಒಣಗಿದಾಗ ಒಳಗಿನ ಕಾಯಿ ಬಲಿತಿರುತ್ತೆ. ಒಂದು ಕಾಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ಈ ಕಾಯಿ ಒಣಗಿದ್ದಷ್ಟು ಹೊತ್ತು ಸುಮ್ಮನಿರುತ್ತೆ. ನೀರು ತಾಗಿತೋ, ಪಟ್ ಅಂತ ಸಿಡಿಯುತ್ತೆ. ಒಂದು ಮಳೆ ಹನಿ ಬಿದ್ದರೆ ಸಾಕು, ಬೀಜ ನಾಲ್ಕೈದು ಅಡಿ ಹಾರಿಹೋಗುತ್ತೆ. ಚಿಕ್ಕವರಿದ್ದಾಗ ಎಂಜಲು ಹಚ್ಚಿ ಅಂಗೈಯಲ್ಲಿ ಸಿಡಿಸಿ ಆಡುತ್ತಿದ್ದೆವು. ಗಿಡ ಮಾಡಿದ ಉಪಾಯ ನೋಡಿ, ನೀರು ಬಂದ ಮೇಲೇ ಬೀಜ ಚೆಲ್ಲುತ್ತೆ. ನಾವು ಬೂದಿ ನೆಲದಲ್ಲಿ ಬಿತ್ತಿ ಆಕಾಶ ನೋಡುತ್ತಾ ಕೂರುತ್ತೇವೆ.

ಆದ್ದರಿಂದ ತೆನೆಯನ್ನು ಮಳೆ ಬರುವ ಮುಂಚೆ, ಇಬ್ಬನಿ ಆರಿದ ಮೇಲೆ, ಮಧ್ಯಾಹ್ನದ ಹೊತ್ತು ಕತ್ತರಿಸಬೇಕು. ಬಟ್ಟೆ ಚೀಲದಲ್ಲಿ ಹಾಕಿ ಒಣಗಿದ ಕಡೆ ತೂಗುಹಾಕುತ್ತೇನೆ. ಬೀಜ ಬಿಡಿಸಿ ಇಡಲ್ಲ. ಬಿತ್ತುವ ದಿನ ಒಂದು ದಬರಿಗೆ ತೆನೆ ಹಾಕಿ, ನೀರು ಚಿಮುಕಿಸಿ, ಮೇಲೆ ಬಟ್ಟೆ ಮುಚ್ಚುತ್ತೇನೆ. ಸ್ವಲ್ಪ ಹೊತ್ತಿಗೆ ಒಳಗೆ ಪಟಪಟ ಶುರುವಾಗುತ್ತೆ, ಮೊಮ್ಮಕ್ಕಳಿಗೆ ಅದೊಂದು ಹಬ್ಬ. ಬೀಜ ಬಟ್ಟೆಗೆ ಬಡಿದು ಕೆಳಗೆ ಬೀಳುತ್ತೆ. ಒದ್ದೆಯಾದ ಬೀಜ ಲೋಳೆ ಲೋಳೆ ಆಗುತ್ತೆ, ಹೆದರಬೇಕಿಲ್ಲ, ಅದರ ಗುಣವೇ ಅದು. ಕೈಗೆ ಅಂಟದ ಹಾಗೆ ಒಣ ಮರಳು ಬೆರೆಸಿ ಅವತ್ತೇ ಬಿತ್ತಬೇಕು. ಒಂದು ಸಲ ಬೀಜ ಬಿಡಿಸಿ ಡಬ್ಬಿಯಲ್ಲಿಟ್ಟು ಮರುವರ್ಷ ಬಿತ್ತಿದೆ. ನೂರಕ್ಕೆ ಹತ್ತೂ ಹುಟ್ಟಲಿಲ್ಲ. ಹೊಸ ಬೀಜವೇ ಸರಿ.

ಬಿತ್ತಲು ಜೂನ್, ಜುಲೈ ಒಳ್ಳೆಯದು, ಗಾಳಿಯಲ್ಲಿ ತೇವ ಇರುತ್ತೆ. ಚಳಿಯಲ್ಲಿ ಬಿತ್ತಿದರೆ ಕಾದು ಸಾಕಾಗುತ್ತೆ. ಹಳೇ ಮಂಕರಿಗೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಹಳೇ ತಿಪ್ಪೆ ಗೊಬ್ಬರ ತುಂಬಿಸುತ್ತೇನೆ. ಮಣ್ಣು ಹಿತ್ತಿಲದ್ದಲ್ಲ, ಹೊಲದ ಬದುವಿನದು. ಅದನ್ನೂ ಬೇಸಿಗೆಯಲ್ಲಿ ಹದಿನೈದು ದಿನ ತೆಳ್ಳಗೆ ಹರಡಿ ಬಿಸಿಲಿಗೆ ಸುಡಿಸಿರುತ್ತೇನೆ. ಇಷ್ಟು ಕಷ್ಟ ಯಾಕೆ ಅಂದರೆ, ಬೀಜದಲ್ಲಿ ಬರದ ಜಂತುಹುಳ ಮಣ್ಣಲ್ಲಿ ಬಂದರೆ ಎಲ್ಲ ದಂಡ. ಬೀಜದ ಮೇಲೆ ಉಗುರಿನ ದಪ್ಪ ಮರಳು ಸಾಕು. ಮೇಲೆ ರಾಗಿ ಹುಲ್ಲು ಹೊದಿಸಿ, ಕೈಯಲ್ಲಿ ನೀರು ಚಿಮುಕಿಸಬೇಕು. ಹದಿನೈದು ಇಪ್ಪತ್ತು ದಿನಕ್ಕೆ ಮೊಳಕೆ ಕಾಣುತ್ತೆ. ಎಲ್ಲ ಒಟ್ಟಿಗೆ ಬರಲ್ಲ, ಕೆಲವು ತಿಂಗಳು ತೆಗೆದುಕೊಳ್ಳುತ್ತವೆ. ಬರಲಿಲ್ಲ ಅಂತ ಮಂಕರಿ ಕೆದಕಿ ನೋಡಬೇಡಿ, ನಾನು ಹಾಗೆ ಮಾಡಿ ಕೆಡಿಸಿದ್ದೇನೆ. ಮೊಳಕೆ ಕಂಡ ಕೂಡಲೇ ಹುಲ್ಲು ತೆಗೆಯಬೇಕು. ನೀರು ಹೆಚ್ಚಾದರೆ ಸಸಿ ಬುಡದಲ್ಲೇ ಕೊಳೆತು ಮಲಗುತ್ತೆ.

ಎರಡು ತಿಂಗಳಿಗೆ ಎಂಟು ಎಲೆ ಆದಾಗ, ಮೋಡದ ದಿನ ನೋಡಿ, ಒಂದೂವರೆ ಅಡಿಗೆ ಒಂದರಂತೆ ಏರು ಮಡಿಯಲ್ಲಿ ನಾಟಿ. ಗುಣಿಗೆ ಒಂದು ಹಿಡಿ ಬೇವಿನ ಹಿಂಡಿ.

ನೆರಳಿನ ವಿಚಾರ ಸ್ವಲ್ಪ ಹೇಳಬೇಕು. ಕನಕಾಂಬರ ನೆರಳಿನ ಗಿಡ ಅಂತಾರೆ. ಹಾಗಂತ ಗೋಡೆ ಮೂಲೆಯ ಕತ್ತಲಲ್ಲಿ ಹಾಕಿದರೆ ಎಲೆ ಕಡು ಹಸಿರಾಗಿ, ಗಿಡ ಸೊರಗಿ ಉದ್ದವಾಗುತ್ತೆ, ಹೂವು ಇಲ್ಲ. ಬಯಲಲ್ಲಿ ಹಾಕಿದರೆ ನೀರಿದ್ದವರಿಗೆ ಚೆನ್ನಾಗೇ ಬರುತ್ತೆ. ನಮ್ಮಂಥವರಿಗೆ ಮಾರ್ಚ್ ಬಿಸಿಲಿಗೆ ಎಲೆ ಬೆಳ್ಳಗಾಗುತ್ತೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಜರಡಿ ನೆರಳು ಇರಬೇಕು. ಹೊಂಗೆ ಇದಕ್ಕೆ ಹೇಳಿ ಮಾಡಿಸಿದ ಮರ. ಚಳಿ ಮುಗಿಯುತ್ತಲೇ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಮತ್ತೆ ಚಿಗುರಿರುತ್ತೆ. ಉದುರಿದ ಎಲೆ ಗಿಡದ ಬುಡಕ್ಕೇ ಹೊದಿಕೆ. ತಗ್ಗಿನ ಕೊಂಬೆ ಮಾತ್ರ ಸವರಬೇಕು. ಹೊದಿಕೆ ಹಾಕಿದ ಮೇಲೆ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಹನ್ನೆರಡು ಕೊಡ ಸಾಕಾಗಿದೆ. ಸೋಪಿನ ನೀರು ಬೇರೆ ಗುಂಡಿಗೆ ಬಿಡುತ್ತೇನೆ.

ಸತ್ತ ಜಾಗಕ್ಕೆ ಮತ್ತೆ ಕನಕಾಂಬರ ಹಾಕಲಿಲ್ಲ. ಮಡಿಯನ್ನು ಮರದ ಇನ್ನೊಂದು ಕಡೆಗೆ ಬದಲಿಸಿ, ಹಳೇ ಮಡಿಯಲ್ಲಿ ಎರಡು ಸಲ ಚೆಂಡು ಹೂವು ಹಾಕಿದೆ. ನೆರಳಿಗೆ ಚೆಂಡು ಹೂವು ಅಷ್ಟಕ್ಕಷ್ಟೇ. ಆದರೆ ನಾನು ಹಾಕಿದ್ದು ಹೂವಿಗಲ್ಲ, ಬೇರಿಗೆ. ಜಂತುಹುಳ ಅದರ ಬೇರಿನಲ್ಲಿ ಏಳಿಗೆ ಆಗಲ್ಲ. ಗಿಡದ ಕೆಳಗೆ ತಾನೇ ಹುಟ್ಟಿದ ಸಸಿ ಕಿತ್ತು ಬೇರೆ ಕಡೆ ನೆಡಬಹುದು, ಮಡಿ ಶುದ್ಧವಾಗಿದ್ದರೆ ಮಾತ್ರ.

ನಾಟಿಯಾಗಿ ಮೂರು ತಿಂಗಳಿಗೆ ಹೂವು. ದಿನ ಬಿಟ್ಟು ದಿನ ಬೆಳಗಿನ ಜಾವ ಬಿಡಿಸುತ್ತೇನೆ. ವಾಸನೆ ಇಲ್ಲದಿದ್ದರೂ ಬೇಗ ಬಾಡಲ್ಲ, ಅದೇ ಇದರ ಬೆಲೆ. ಈಗ ಒಂದು ಬಿಡಿಸುವಿಕೆಗೆ ಎರಡು, ಎರಡೂವರೆ ಮಾರು ಕಟ್ಟುತ್ತೇನೆ. ಮಾರಿಗೆ 40 ರೂಪಾಯಿ, ಗೌರಿ ಹಬ್ಬಕ್ಕೆ 100 ದಾಟುತ್ತೆ. ಮೊದಲು ಪೇಟೆಯ ಒಂದು ಹೂವಿನ ಅಂಗಡಿಗೆ ಕೊಡುತ್ತಿದ್ದೆ. ಮನೆಯಲ್ಲಿ ಮೂರು ಮಾರು ಅಳೆದದ್ದು ಅಲ್ಲಿಗೆ ಹೋದರೆ ಎರಡೂವರೆ ಆಗುತ್ತಿತ್ತು. ಅವರ ತೋಳು ಉದ್ದ. ಈಗ ಊರಲ್ಲೇ ಹನ್ನೊಂದು ಮನೆಗೆ ವರ್ತನೆ ಮಾಡಿಕೊಂಡಿದ್ದೇನೆ, ಅಳತೆ ನನ್ನ ತೋಳಿನದೇ. ಬಸ್ ಚಾರ್ಜೂ ಉಳಿಯಿತು.