ಅಂಜಿದ ಕೂಸು, ದಾರಿ ಹುಡುಕುವ ಹಿರಿಯರು

‘ಕೂಸು ಅಂಜ್ಯಾದ.’ ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರುಗಳಲ್ಲಿ ಈ ಎರಡು ಪದಗಳೊಳಗೆ ಏನೆಲ್ಲ ಅಡಗಿರಬಹುದು! ಕಣ್ಣೆದುರೇ ನಡೆದ ರಸ್ತೆ ಅಪಘಾತ, ಕಾಲುವೆಯಲ್ಲಿ ಮುಳುಗಿದ ಗೆಳೆಯ, 2009ರಲ್ಲಿ ರಾಯಚೂರು ಜಿಲ್ಲೆ ಕಂಡಂಥ ನೆರೆ, ಮನೆಯೊಳಗಿನ ಹೊಡೆತ, ಹೊರಗೆ ಹೇಳಲಾಗದ ಲೈಂಗಿಕ ದೌರ್ಜನ್ಯ. ಮನೆಯವರು ದೃಷ್ಟಿ ತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ. ಅದರಿಂದ ಅವರಿಗೊಂದಿಷ್ಟು ಧೈರ್ಯ ಬರುತ್ತದೆ. ತಿಂಗಳು ಕಳೆದರೂ ಮಗು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಹಾಸಿಗೆ ಒದ್ದೆ ಮಾಡುತ್ತಿದ್ದರೆ, ಶಾಲೆ ಎಂದರೆ ಅಳುತ್ತಿದ್ದರೆ ಮುಂದೆ ಯಾರನ್ನು ಕೇಳಬೇಕೆಂದು ತೋಚುವುದಿಲ್ಲ. ಅಪ್ಪ–ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದರೆ ಈ ಹೊಣೆಯೆಲ್ಲ ಅಜ್ಜಿಯ ಹೆಗಲಿಗೆ.

ಅಪಾಯ ಎದುರಾದಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ, ಎದೆ ಹೊಡೆದುಕೊಳ್ಳುತ್ತದೆ. ಅಪಾಯ ಕಳೆದ ಮೇಲೆ ಈ ಏರ್ಪಾಡು ಇಳಿಯಬೇಕು. ಆಘಾತಗೊಂಡ ಕೆಲವು ಮಕ್ಕಳಲ್ಲಿ ಅದು ಇಳಿಯುವುದೇ ಇಲ್ಲ. ಒಂದು ಹಾರ್ನ್, ಒಂದು ವಾಸನೆ ಸಾಕು, ಮೈ ಮತ್ತೆ ನಡುಗುತ್ತದೆ.

ದೊಡ್ಡವರಂತೆ ಮಕ್ಕಳು ಈ ಭಯವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಆಟದಲ್ಲಿ ತೋರಿಸುವುದೇ ಹೆಚ್ಚು. 1976ರಲ್ಲಿ ಅಮೆರಿಕದ ಚೌಚಿಲ್ಲಾ ಎಂಬಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಅಪಹರಿಸಿ, ಅವರನ್ನು ನೆಲದಡಿ ಹೂತಿದ್ದ ಲಾರಿ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದರು. ಎಲ್ಲರೂ ಬದುಕಿ ಬಂದರು. ಮನೋವೈದ್ಯೆ ಲೆನೋರ್ ಟೆರ್ ಆ ಮಕ್ಕಳನ್ನು ಮಾತಾಡಿಸಿದಾಗ, ಅದೇ ಭಯವನ್ನು ಅವರು ಮತ್ತೆ ಮತ್ತೆ ಆಡುತ್ತಿದ್ದುದು ಕಂಡಿತು. ನಾಲ್ಕು ವರ್ಷಗಳ ಮೇಲೂ ಆಘಾತದ ಗುರುತು ಉಳಿದಿತ್ತು. ‘ಸಣ್ಣ ಹುಡುಗ, ಮರೀತಾನ ಬಿಡು’ ಎಂಬ ಮಾತನ್ನು ಎಲ್ಲ ಮಕ್ಕಳ ವಿಷಯದಲ್ಲೂ ನಂಬುವಂತಿಲ್ಲ.

ಹಾಗಾದರೆ ಹಿರಿಯರ ಪಾತ್ರವೇನು? ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಮನೋವಿಶ್ಲೇಷಕಿಯರಾದ ಆನ್ನಾ ಫ್ರಾಯ್ಡ್ ಮತ್ತು ಡೊರೋಥಿ ಬರ್ಲಿಂಗ್‌ಹ್ಯಾಮ್ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದರು. ತಾಯಿ ಜೊತೆಗಿದ್ದು ಸಮಾಧಾನದಿಂದಿದ್ದರೆ ಮಗು ಬಾಂಬಿನ ಸದ್ದನ್ನೂ ತಾಳಿಕೊಳ್ಳುತ್ತಿತ್ತು, ತಾಯಿಯಿಂದ ಅಗಲಿದರೆ ಕುಸಿಯುತ್ತಿತ್ತು ಎಂದು ಅವರು ಗಮನಿಸಿದರು. ಇಂದು ಆಘಾತಕ್ಕೆಂದೇ ರೂಪಿಸಿದ, ಯೋಚನೆ–ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯೊಂದಿದೆ. ಸಾಮಾನ್ಯವಾಗಿ 12ರಿಂದ 16 ಭೇಟಿಗಳ ಈ ಚಿಕಿತ್ಸೆಯಲ್ಲಿ ಮಗುವಿನ ಜೊತೆ ಪೋಷಕರೂ ಕೂರುತ್ತಾರೆ. ಉಸಿರಾಟದ ಅಭ್ಯಾಸ, ಭಯಕ್ಕೆ ಹೆಸರಿಡುವುದು, ನಡೆದದ್ದನ್ನು ಸ್ವಲ್ಪಸ್ವಲ್ಪವೇ ಹೇಳಿಕೊಳ್ಳುವುದು ಇಬ್ಬರಿಗೂ ಪಾಠ.

ಘಟನೆಯಾದ ಕೂಡಲೇ ‘ಏನಾಯ್ತು, ಹೇಳು’ ಎಂದು ಕೆದಕಬಾರದು. ಅಂಥ ಒತ್ತಾಯದ ಮಾತುಕತೆಯನ್ನೂ, ಮಕ್ಕಳಿಗೆ ಬೆಂಜೋಡಯಜೆಪೀನ್ ಗುಂಪಿನ ನಿದ್ದೆ ಗುಳಿಗೆಗಳನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಬೇಡವೆಂದಿದೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಆಟ. ಮಗು ತಾನಾಗಿ ಹೇಳಿದಾಗ ಕೇಳಿಸಿಕೊಳ್ಳುವ ಕಿವಿ: ಮೊದಲ ವಾರಗಳಿಗೆ ಬೇಕಾದದ್ದು ಇಷ್ಟು.

ಅದು ಸಾಲದಿದ್ದಾಗ? ಉತ್ತರದ ಒಂದು ಭಾಗ ಪಕ್ಕದ ಬಳ್ಳಾರಿಯಲ್ಲೇ ಹುಟ್ಟಿತು. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. ಆ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಪಾಯವಾಯಿತು. ಕರ್ನಾಟಕದ ‘ಮನೋಚೈತನ್ಯ’ ಯೋಜನೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕರೆತರುವ ಉದ್ದೇಶದ್ದು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ದಿನ ಖಚಿತಪಡಿಸಿಕೊಂಡು ಹೋಗುವುದು ಒಳ್ಳೆಯದು.

ಬಸ್ಸು ಹತ್ತುವ ಮೊದಲೇ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್, 14416 ಸಂಖ್ಯೆಯಲ್ಲಿ ದಿನವಿಡೀ, ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯವಾದರೆ ಮಕ್ಕಳನ್ನು ಅದರಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವಿನ ಜೊತೆ ನಿಲ್ಲುವ ನೆರವಿನ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಒದಗಿಸಬಹುದು. ಯಾರ ಬಳಿ ಹೋದರೂ ಘಟನೆ ಎಂದಾಯಿತು, ನಿದ್ದೆ–ಊಟ–ಆಟದಲ್ಲಿ ಏನು ಬದಲಾಯಿತು, ಎಷ್ಟು ದಿನದಿಂದ ಎಂಬುದನ್ನು ಮಗುವಿನ ಕಿವಿಗೆ ಬೀಳದಂತೆ ಹೇಳಬೇಕು. ನಿದ್ದೆಗೆಟ್ಟ ಅಜ್ಜಿ ತನ್ನ ಸಂಕಟವನ್ನೂ ಅಲ್ಲೇ ಹೇಳಿಕೊಳ್ಳಬಹುದು. ಅದೂ ಮಗುವಿನ ಚಿಕಿತ್ಸೆಗೆ ಬೇಕಾದ ಮಾಹಿತಿಯೇ.