ಬಾಹ್ಯ ಹಾರ್ಡ್ ಡಿಸ್ಕಿನ ಡ್ರೈವ್ ಅಕ್ಷರ ಬದಲಾದಾಗ ಅನುಸರಿಸಬೇಕಾದ ಕ್ರಮ

ಗ್ರಾಮ ಪಂಚಾಯತಿಗಳ ಆಸ್ತಿ ಹಾಗೂ ತೆರಿಗೆಯ ಮಾಹಿತಿಯು ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳ ಮೂಲಕ ರಾಜ್ಯಮಟ್ಟದ ಸರ್ವರ್‌ನಲ್ಲಿ ಸಂಗ್ರಹವಾಗುತ್ತದೆ. ಆದರೆ ಸ್ಕ್ಯಾನ್ ಮಾಡಿದ ಹಳೆಯ ನಡವಳಿ ಪುಸ್ತಕಗಳು, ತೆರಿಗೆ ವಹಿಗಳು, ಕಾಮಗಾರಿಗಳ ಛಾಯಾಚಿತ್ರಗಳು, ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದ ಪತ್ರಗಳು ಸಾಮಾನ್ಯವಾಗಿ ಕಚೇರಿಯ ಗಣಕಯಂತ್ರದಲ್ಲಿ ಅಥವಾ ಅದಕ್ಕೆ ಜೋಡಿಸುವ ಬಾಹ್ಯ ಹಾರ್ಡ್ ಡಿಸ್ಕಿನಲ್ಲಿಯೇ ಉಳಿದಿರುತ್ತವೆ. ಜಮಾಬಂದಿಯ ದಿನ ಆ ಡಿಸ್ಕನ್ನು ಜೋಡಿಸಿದಾಗ ಶಾರ್ಟ್‌ಕಟ್ ತೆರೆಯದೆ, ಇ ಡ್ರೈವ್ ದೊರೆಯುತ್ತಿಲ್ಲವೆಂಬ ಸಂದೇಶ ಬಂದರೆ ಸಿಬ್ಬಂದಿ ಗಾಬರಿಗೊಳ್ಳುವುದು ಸಹಜ. ಬಹಳಷ್ಟು ಸಂದರ್ಭಗಳಲ್ಲಿ ಕಡತಗಳು ಎಲ್ಲಿಯೂ ಹೋಗಿರುವುದಿಲ್ಲ. ಡಿಸ್ಕಿಗೆ ವಿಂಡೋಸ್ ನೀಡಿದ ಅಕ್ಷರ ಮಾತ್ರ ಇ ಬದಲಿಗೆ ಎಫ್ ಅಥವಾ ಜಿ ಆಗಿರುತ್ತದೆ.

ಎ ಮತ್ತು ಬಿ ಅಕ್ಷರಗಳು ಫ್ಲಾಪಿಯ ಕಾಲದಿಂದ ಮೀಸಲಾಗಿ ಬಂದಿವೆ. ಸಾಮಾನ್ಯವಾಗಿ ವಿಂಡೋಸ್ ಇರುವುದು ಸಿ ಡ್ರೈವ್‌ನಲ್ಲಿ. ಹೊಸದಾಗಿ ಜೋಡಿಸಿದ ಡಿಸ್ಕಿಗೆ ನಂತರದ ಖಾಲಿ ಅಕ್ಷರ ದೊರೆಯುತ್ತದೆ. ಅದೇ ಡಿಸ್ಕ್ ಮತ್ತೆ ಬಂದಾಗ ಹಿಂದಿನ ಅಕ್ಷರವನ್ನೇ ನೀಡಲು ವಿಂಡೋಸ್ ಯತ್ನಿಸುತ್ತದೆಯಾದರೂ, ಆ ವೇಳೆಗೆ ಯಾರದೋ ಪೆನ್ ಡ್ರೈವ್ ಆ ಅಕ್ಷರವನ್ನು ಪಡೆದಿದ್ದರೆ ಮುಂದಿನದನ್ನು ಕೊಡುತ್ತದೆ. ಈ ಹಂಚಿಕೆಯ ದಾಖಲೆ ಇರುವುದು ಗಣಕಯಂತ್ರದಲ್ಲಿ, ಡಿಸ್ಕಿನಲ್ಲಿ ಅಲ್ಲ. ಆದ್ದರಿಂದ ಕುಕ್ಕುವಾಡದ ಕಚೇರಿಯಲ್ಲಿ ಇ ಆಗಿದ್ದ ಡಿಸ್ಕ್ ದಾವಣಗೆರೆಯ ತಾಲ್ಲೂಕು ಪಂಚಾಯತಿಯ ಗಣಕಯಂತ್ರದಲ್ಲಿ ಎಚ್ ಆಗಿ ಕಾಣಿಸಿಕೊಂಡರೆ ಅದು ದೋಷವಲ್ಲ. ಮನೆಯ ಸಂಖ್ಯೆ ಬದಲಾದ ಮಾತ್ರಕ್ಕೆ ಮನೆಯೊಳಗಿನ ಸಾಮಾನು ಕಳೆದುಹೋಗುವುದಿಲ್ಲ; ಹಳೆಯ ಸಂಖ್ಯೆ ಬರೆದ ಅಂಚೆ ಮಾತ್ರ ತಪ್ಪು ಬಾಗಿಲಿಗೆ ಹೋಗುತ್ತದೆ.

ನಿಜವಾದ ಅಪಾಯ ಇರುವುದು ಈ ತಪ್ಪು ಬಾಗಿಲಿನಲ್ಲಿಯೇ. ಪ್ರತಿದಿನ ಸಂಜೆ ಕಡತಗಳ ಪ್ರತಿಯನ್ನು ಇ ಡ್ರೈವ್‌ಗೆ ತೆಗೆಯುವಂತೆ ಹೊಂದಿಸಿದ ಬ್ಯಾಕಪ್, ಅಕ್ಷರ ಬದಲಾದ ದಿನದಿಂದ ಸದ್ದಿಲ್ಲದೆ ನಿಂತುಹೋಗಬಹುದು. ಗಣಕಯಂತ್ರ ಕೆಡುವವರೆಗೂ ಅದು ಯಾರ ಗಮನಕ್ಕೂ ಬಾರದಿರಬಹುದು. ಬ್ಯಾಕಪ್ ‘ಮಿರರ್’ ವಿಧಾನದ್ದಾಗಿದ್ದರೆ ಇನ್ನೂ ಕಷ್ಟ: ಮೂಲದಲ್ಲಿ ಇಲ್ಲದ ಕಡತಗಳನ್ನು ಅದು ಗುರಿ ಡಿಸ್ಕಿನಿಂದ ಅಳಿಸುತ್ತದೆ. ಆ ಹೊತ್ತಿನಲ್ಲಿ ಇ ಅಕ್ಷರ ಬೇರೊಂದು ಪೆನ್ ಡ್ರೈವ್‌ನದ್ದಾಗಿದ್ದರೆ ಅದರಲ್ಲಿದ್ದ ಕಡತಗಳು ಅಳಿದುಹೋಗುವ ಸಂಭವವಿದೆ. ಹೀಗಾಗಿ ಅಕ್ಷರ ಬದಲಾಗಿರುವುದು ಕಂಡುಬಂದ ಕೂಡಲೇ ಸ್ವಯಂಚಾಲಿತ ಬ್ಯಾಕಪ್ ಅನ್ನು ಮೊದಲು ನಿಲ್ಲಿಸತಕ್ಕದ್ದು.

ಸರಿಪಡಿಸುವ ಕ್ರಮ ಸರಳವಾಗಿದೆ. ಡಿಸ್ಕಿನಲ್ಲಿ ತೆರೆದಿರುವ ಕಡತಗಳನ್ನು ಮುಚ್ಚಿ, ಇತರ ಪೆನ್ ಡ್ರೈವ್‌ಗಳನ್ನು ತೆಗೆದು, ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಲಾಗಿನ್ ಆಗಬೇಕು. ವಿಂಡೋಸ್ 10ರಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ದೊರೆಯುತ್ತದೆ. ವಿಂಡೋಸ್ 7ರಲ್ಲಿ ‘ಕಂಪ್ಯೂಟರ್’ ಮೇಲೆ ಬಲಗುಂಡಿ ಒತ್ತಿ ‘ಮ್ಯಾನೇಜ್’ ಆಯ್ದುಕೊಳ್ಳಬೇಕು. ಅಲ್ಲಿ ಗಾತ್ರ ಮತ್ತು ಹೆಸರಿನಿಂದ ಬಾಹ್ಯ ಡಿಸ್ಕನ್ನು ಗುರುತಿಸಿ, ಅದರ ಮೇಲೆ ಬಲಗುಂಡಿ ಒತ್ತಿ, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾಥ್ಸ್’ ಮತ್ತು ನಂತರ ‘ಚೇಂಜ್’ ಒತ್ತಿ ಹಳೆಯ ಅಕ್ಷರವನ್ನು ನೀಡಬೇಕು. ಕೆಲವು ಪ್ರೋಗ್ರಾಂಗಳು ಸರಿಯಾಗಿ ನಡೆಯದಿರಬಹುದೆಂಬ ಎಚ್ಚರಿಕೆ ಬರುತ್ತದೆ. ಹಿಂದಿನ ಅಕ್ಷರವನ್ನೇ ಮರಳಿ ಕೊಡುತ್ತಿರುವುದರಿಂದ ‘ಯೆಸ್’ ಒತ್ತಬಹುದು. ಬೇಕಾದ ಅಕ್ಷರ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಬೇರೊಂದು ಸಾಧನದ ಬಳಿ ಇದೆಯೆಂದು ತಿಳಿಯಬೇಕು. ಸಿ ಡ್ರೈವ್‌ನ ಅಕ್ಷರವನ್ನು ಎಂದಿಗೂ ಮುಟ್ಟಬಾರದು.

ಆದರೆ ಹಳೆಯ ಇ ಅಕ್ಷರವನ್ನೇ ಮರಳಿ ಕೊಟ್ಟರೆ ಮುಂದಿನ ಪೆನ್ ಡ್ರೈವ್ ಬಂದಾಗ ಇದೇ ತೊಂದರೆ ಮರುಕಳಿಸಬಹುದು. ಪಿ ಅಥವಾ ಆರ್‌ನಂತಹ ದೂರದ ಅಕ್ಷರವನ್ನು ನಿಗದಿಪಡಿಸಿ, ಶಾರ್ಟ್‌ಕಟ್ ಹಾಗೂ ಬ್ಯಾಕಪ್‌ಗಳಲ್ಲಿಯೂ ಅದನ್ನೇ ಒಮ್ಮೆ ತಿದ್ದಿಕೊಳ್ಳುವುದು ಹೆಚ್ಚು ಸೂಕ್ತ. ಪೆನ್ ಡ್ರೈವ್‌ಗಳು ಅಷ್ಟು ದೂರ ತಲುಪುವುದು ಅಪರೂಪ. ತಿದ್ದಿದ ನಂತರವೇ ನಿಲ್ಲಿಸಿದ ಬ್ಯಾಕಪ್ ಅನ್ನು ಪುನಃ ಆರಂಭಿಸಬೇಕು.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಡಿಸ್ಕಿನ ಮುಂದೆ ‘ರಾ’, ‘ಅನ್‌ಅಲೊಕೇಟೆಡ್’ ಅಥವಾ ‘ನಾಟ್ ಇನಿಶಿಯಲೈಜ್ಡ್’ ಎಂದು ಕಂಡರೆ ಅದು ಅಕ್ಷರದ ಸಮಸ್ಯೆಯಲ್ಲ. ಫಾರ್ಮ್ಯಾಟ್ ಮಾಡಬೇಕೇ, ಇನಿಶಿಯಲೈಜ್ ಮಾಡಬೇಕೇ ಎಂದು ವಿಂಡೋಸ್ ಎಷ್ಟು ಬಾರಿ ಕೇಳಿದರೂ ‘ಕ್ಯಾನ್ಸಲ್’ ಒತ್ತಿ, ಡಿಸ್ಕನ್ನು ಬೇರ್ಪಡಿಸಿ ಪರಿಣತರಿಗೆ ತೋರಿಸತಕ್ಕದ್ದು.

ಅಕ್ಷರ ಗಣಕಯಂತ್ರದಲ್ಲಿ ಉಳಿದರೂ, ಡಿಸ್ಕಿಗೆ ‘ರೀನೇಮ್’ ಮೂಲಕ ಕೊಟ್ಟ ಹೆಸರು ಡಿಸ್ಕಿನೊಡನೆಯೇ ಹೋಗುತ್ತದೆ. ಪಂಚಾಯತಿಯ ಹೆಸರನ್ನೇ ಡಿಸ್ಕಿಗೆ ಇಟ್ಟು, ಆ ಹೆಸರನ್ನೂ ನಿಗದಿಪಡಿಸಿದ ಅಕ್ಷರವನ್ನೂ ಚೀಟಿಯಲ್ಲಿ ಬರೆದು ಡಿಸ್ಕಿನ ಮೇಲೆ ಅಂಟಿಸಿ, ದಾಸ್ತಾನು ವಹಿಯಲ್ಲಿಯೂ ನಮೂದಿಸಿದರೆ ವರ್ಗಾವಣೆಯಾಗಿ ಬರುವ ಸಿಬ್ಬಂದಿಗೆ ಯಾರನ್ನೂ ಕೇಳುವ ಅಗತ್ಯ ಬೀಳುವುದಿಲ್ಲ.