ಮೊದಲ ಎಳೆತಕ್ಕೇ ಚಾಲೂ ಆಗಬೇಕಾದ ಎಂಜಿನ್

ಆಗಸ್ಟ್ ಬಂತೆಂದರೆ ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ಜನ ತಮ್ಮೂರ ಮಳೆಗಿಂತ ಮಹಾರಾಷ್ಟ್ರದ ಮಳೆಯನ್ನೇ ಹೆಚ್ಚು ವಿಚಾರಿಸುತ್ತಾರೆ. ಕೊಯ್ನಾ ತುಂಬಿತೇ, ಆಲಮಟ್ಟಿಯಿಂದ ಎಷ್ಟು ಬಿಟ್ಟರು, ನಾರಾಯಣಪುರದ ಬಸವಸಾಗರದಲ್ಲಿ ಎಷ್ಟು ಗೇಟು ಎತ್ತಿದರು ಎಂಬುದೇ ಚಹಾದಂಗಡಿಯ ಮಾತು. 2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯುಸೆಕ್ ದಾಟಿತು. ಶೀಲಹಳ್ಳಿ ಸೇತುವೆ ನೀರಿನಡಿ ಸೇರಿತು. ಅಂಥ ಸೆಳವಿನಲ್ಲಿ ಹರಿಗೋಲು ಹಾಕುವುದು ಜೀವದ ಜೊತೆ ಆಟ. ಆಗ ನಡುಗಡ್ಡೆಯ ಜನರ ಕಣ್ಣು ನೆಡುವುದು ಮೋಟಾರು ದೋಣಿಯ ಮೇಲೆ.

ಆ ದೋಣಿಯ ಹಿಂಬದಿಗೆ ತಗುಲಿಸಿದ ಎಂಜಿನ್ನಿಗೆ ಔಟ್‌ಬೋರ್ಡ್ ಮೋಟಾರು ಎಂದು ಹೆಸರು. ರಕ್ಷಣಾ ಸಿಬ್ಬಂದಿಯ ಬಾಯಲ್ಲಿ ಅದು ‘ಒಬಿಎಂ’. ದೋಣಿಗೆ ಬೇರೆ ಚುಕ್ಕಾಣಿ ಇರುವುದಿಲ್ಲ. ಎಂಜಿನ್ನನ್ನೇ ಅತ್ತಿತ್ತ ತಿರುಗಿಸಿ, ಅದರ ಪ್ರೊಪೆಲ್ಲರ್ ತಳ್ಳುವ ನೀರಿನಿಂದ ದಿಕ್ಕು ಬದಲಿಸಬೇಕು. ರಸ್ತೆಯಲ್ಲಿ ಜೀಪು ಕೆಟ್ಟರೆ ಬದಿಗೆ ತಳ್ಳಿ ಬೀಡಿ ಹಚ್ಚಬಹುದು. ನಡು ಹೊಳೆಯಲ್ಲಿ ಈ ಎಂಜಿನ್ ನಿಂತರೆ ವೇಗವೂ ಹೋಯಿತು, ದಿಕ್ಕೂ ಹೋಯಿತು. ದೋಣಿ ತೇಲುವ ಮರದ ದಿಮ್ಮಿಯಂತಾಗಿ ಮುಳುಗಿದ ಸೇತುವೆಯ ಕಡೆಗೋ ಮುಳ್ಳುಜಾಲಿಯ ಕಡೆಗೋ ಸಾಗುತ್ತದೆ.

ದೋಣಿಯ ಎಂಜಿನ್ನಿನ ದುಡಿಮೆಯೂ ಬೇರೆ ಬಗೆಯದು. ಕಾರು ಒಮ್ಮೆ ವೇಗ ಹಿಡಿದರೆ ಆಕ್ಸಿಲರೇಟರ್ ಸಡಿಲಿಸಿದರೂ ಸ್ವಲ್ಪ ದೂರ ಉರುಳುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿಗೆ ವಿಶ್ರಾಂತಿ. ನೀರಿನಲ್ಲಿ ಇಳಿಜಾರಿಲ್ಲ. ಲೋಡು ಹೇರಿದ ಲಾರಿ ಇಡೀ ದಿನ ಘಾಟಿ ಹತ್ತುತ್ತಿದ್ದಂತೆ ಅದರ ಪಾಡು. ಪ್ರೊಪೆಲ್ಲರ್‌ನ ವೇಗ ಎರಡರಷ್ಟಾದರೆ ಅದಕ್ಕೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ. ಪೂರ್ತಿ ವೇಗದಲ್ಲಿ ಔಟ್‌ಬೋರ್ಡ್ ಮೋಟಾರು ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುತ್ತದೆ.

ಇದೇ ಕೃಷ್ಣೆಯ ಮೇಲೆ, ಕೆಳಗೆ ವಿಜಯವಾಡದ ಬಳಿ, 2018ರ ನವೆಂಬರ್‌ನಲ್ಲಿ ಫಾರ್ಮುಲಾ ಒನ್ ಪವರ್‌ಬೋಟ್ ಪಂದ್ಯ ನಡೆಯಿತು. ಆ ದೋಣಿಗಳ ಎರಡೂವರೆ ಲೀಟರಿನ ಆರು ಸಿಲಿಂಡರ್ ಎಂಜಿನ್ನುಗಳು ಸುಮಾರು 400 ಅಶ್ವಶಕ್ತಿ ಕೊಡುತ್ತವೆ. ದೋಣಿ ಗಂಟೆಗೆ 200 ಕಿಲೋಮೀಟರ್ ಮೀರುತ್ತದೆ. ಪಂದ್ಯ ಮುಗಿಯಲು ಮುಕ್ಕಾಲು ಗಂಟೆ ಸಾಕು. ಆದರೆ ಆ ಮುಕ್ಕಾಲು ಗಂಟೆಗಾಗಿ ಮೆಕ್ಯಾನಿಕ್‌ಗಳ ತಂಡವೇ ಕಾದಿರುತ್ತದೆ. ಎಂಜಿನ್ ಎಷ್ಟು ಹೊತ್ತು ಓಡಿತೆಂದು ಲೆಕ್ಕವಿಟ್ಟು, ಬಿಚ್ಚಿ, ಸವೆದದ್ದನ್ನು ಬದಲಿಸುತ್ತದೆ. ಪ್ರವಾಹದ ದೋಣಿಗೆ ಆ ಭಾಗ್ಯವಿಲ್ಲ. ಅದು ಓಡುವುದಕ್ಕಿಂತ ಬಿದ್ದಿರುವುದೇ ಹೆಚ್ಚು. ವಿಚಿತ್ರವೆಂದರೆ, ಅದನ್ನು ಕೆಡಿಸುವುದೂ ಆ ಬಿದ್ದಿರುವಿಕೆಯೇ.

ನಿಂತಲ್ಲೇ ಕೆಡುವ ಬಗೆ

ಮೊದಲು ಕೆಡುವುದು ಪೆಟ್ರೋಲು. ಅದರ ಹಗುರ ಅಂಶ ಆವಿಯಾಗಿ ಹೋಗುತ್ತದೆ. ಉಳಿದದ್ದು ಕಾರ್ಬ್ಯುರೇಟರಿನ ಸೂಜಿಗಣ್ಣಿನಂಥ ರಂಧ್ರಗಳಲ್ಲಿ ಅಂಟಾಗಿ ಕೂರುತ್ತದೆ. ಈಗ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸಲಾಗುತ್ತಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆದುಕೊಳ್ಳುವುದು ತಳದಿಂದಲೇ! ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನ್ನಿಗೆ ಇದು ಇನ್ನೂ ಅಪಾಯ. ಎಣ್ಣೆ ಮೇಲೆ ಪೆಟ್ರೋಲಿನ ಜೊತೆಯಲ್ಲೇ ಉಳಿಯುವುದರಿಂದ ಪಿಸ್ಟನ್ನಿಗೆ ಜಿಡ್ಡು ಸಿಗುವುದಿಲ್ಲ.

ಎರಡನೆಯದು ಇಂಪೆಲ್ಲರ್. ಎಂಜಿನ್ ತಣಿಸಲು ಹೊಳೆಯ ನೀರನ್ನೇ ಮೇಲಕ್ಕೆ ಎತ್ತುವ ಅಂಗೈಗಿಂತ ಚಿಕ್ಕ ರಬ್ಬರ್ ಚಕ್ರವಿದು. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಒತ್ತಿಕೊಂಡಿದ್ದರೆ ಅದರ ರೆಕ್ಕೆಗಳು ಬಾಗಿದಂತೆಯೇ ಗಡುಸಾಗುತ್ತವೆ. ಮಹಾಪೂರದ ಕೆಂಪು ನೀರಿನ ಮರಳು ಅದನ್ನು ಅರದಂತೆ ಉಜ್ಜುತ್ತದೆ. ನೀರಿಲ್ಲದೆ ‘ಒಂದು ಸಲ ಶಬ್ದ ಕೇಳೋಣ’ ಎಂದು ದಂಡೆಯ ಮೇಲೆ ಚಾಲೂ ಮಾಡಿದರೆ ಅದು ಸುಟ್ಟುಕೊಳ್ಳಲು ಹೆಚ್ಚು ಹೊತ್ತು ಬೇಡ. ಅಗ್ಗದ ಈ ಚಕ್ರ ಹೋದರೆ ನೀರು ಏರುವುದಿಲ್ಲ, ಎಂಜಿನ್ ಕಾಯುತ್ತದೆ, ಕಡೆಗೆ ಗ್ಯಾರೇಜಿನವರ ಮಾತಿನಲ್ಲಿ ‘ಸೀಜ್’ ಆಗುತ್ತದೆ. ಅದಕ್ಕೇ ತಯಾರಕರು ಸಾಮಾನ್ಯವಾಗಿ 100 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಸರ್ವಿಸ್ ಎನ್ನುತ್ತಾರೆ. ‘ಓಡಿಸಿಯೇ ಇಲ್ಲ, ಸರ್ವಿಸ್ ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಆ ‘ಒಂದು ವರ್ಷ’ದಲ್ಲೇ ಇದೆ.

ಸಿಂಧನೂರಿನ ಗ್ಯಾರೇಜುಗಳಿಗೆ ಈ ಮಾತು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನೆಲ್ಲು ಕೊಯ್ಲಿಗೆ ಬಂದಾಗ ಹಾರ್ವೆಸ್ಟರುಗಳು ಹಗಲಿರುಳು ಗದ್ದೆಯಲ್ಲಿರುತ್ತವೆ. ಸುಗ್ಗಿ ಮುಗಿದರೆ ತಿಂಗಳುಗಟ್ಟಲೆ ತಗಡಿನ ಕೆಳಗೆ. ಅವುಗಳ ವೈರಿ ನೆಲ್ಲಿನ ಧೂಳು. ರೇಡಿಯೇಟರಿನ ಜಾಲರಿಗೆ ಹೊಟ್ಟು ಮೆತ್ತಿಕೊಂಡರೆ ಗಾಳಿ ಆಡದೆ ಎಂಜಿನ್ ಕಾಯುತ್ತದೆ. ಗಾಳಿ ಹೊಕ್ಕ ದಿಕ್ಕಿಗೆ ವಿರುದ್ಧವಾಗಿ ಊದಿದರೆ ಮಾತ್ರ ಆ ಹೊಟ್ಟು ಹೊರಬೀಳುತ್ತದೆ. ಮುಂದಿನಿಂದ ಊದಿದರೆ ಇನ್ನಷ್ಟು ಒಳಸೇರುತ್ತದೆ. ನಿಲ್ಲಿಸುವಾಗ ಡೀಸೆಲ್ ಟ್ಯಾಂಕು ತುಂಬಿಸುವುದು ಲೇಸು. ಖಾಲಿ ಜಾಗದ ಗಾಳಿಯಲ್ಲಿನ ತೇವ ಹನಿಗಟ್ಟಿ ನೀರಾಗುತ್ತದೆ. ಬ್ಯಾಟರಿ ತಂತಿ ಬಿಚ್ಚಬೇಕು. ಇಲಿಗಳ ವಿಚಾರ ಹೇಳುವುದೇ ಬೇಡ. ಅವುಗಳಿಗೆ ವೈರು ಯಾವ ಕಂಪನಿಯದಾದರೂ ರುಚಿಯೇ.

ಒಂದು ತಪ್ಪು ಎಲ್ಲ ಕಡೆಯೂ ಉಂಟು. ವಾರಕ್ಕೊಮ್ಮೆ ಎರಡು ನಿಮಿಷ ಚಾಲೂ ಮಾಡಿ ‘ಎಂಜಿನ್ ಗಟ್ಟಿ ಇದೆ’ ಎಂದು ನಿಲ್ಲಿಸುವುದು. ಇಂಧನ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ನಿಂತರೆ ಆ ಆವಿ ಒಳಗೇ ತಣಿದು ತುಕ್ಕಿಗೆ ದಾರಿ ಮಾಡುತ್ತದೆ. ಓಡಿಸಿದರೆ ಚೆನ್ನಾಗಿ ಕಾಯುವವರೆಗೆ ಓಡಿಸಬೇಕು, ಇಲ್ಲವೇ ಮುಟ್ಟದಿರುವುದೇ ಮೇಲು.

ಹಾರ್ವೆಸ್ಟರ್ ಕೆಟ್ಟರೆ ಒಂದು ದಿನದ ಕೊಯ್ಲು ತಪ್ಪೀತು. ದೋಣಿಗೆ ಅಷ್ಟು ಸಲುಗೆಯಿಲ್ಲ. ಕೃಷ್ಣೆಯಾದರೂ ಮೇಲಿನ ಅಣೆಕಟ್ಟುಗಳ ದೆಸೆಯಿಂದ ಬರುವ ಮುನ್ನ ಸುದ್ದಿ ಕಳಿಸುತ್ತಾಳೆ. ಹಳ್ಳಗಳು ಹಾಗಲ್ಲ. 2020ರ ಅಕ್ಟೋಬರ್‌ನಲ್ಲಿ ಮಸ್ಕಿ ಹಳ್ಳಕ್ಕೆ ನೀರು ಏರಿದಾಗ ನಡುವೆ ಸಿಲುಕಿದವರಲ್ಲಿ ಒಬ್ಬರು, ದಂಡೆಯಲ್ಲಿ ಜನ ನೋಡುತ್ತಿದ್ದಂತೆಯೇ ಕೊಚ್ಚಿಹೋದರು. ಎಲ್ಲ ಹಳ್ಳಕ್ಕೂ ಮೋಟಾರು ದೋಣಿ ಇಳಿಸಲಾಗದು, ನಿಜ. ಇಳಿಸಬಹುದಾದ ಕಡೆಯಾದರೂ ಪ್ಲಗ್ ಬಿಚ್ಚಿ ಉಜ್ಜುತ್ತ ಕೂರುವಷ್ಟು ಹೊತ್ತು ಹಳ್ಳ ಕೊಡುವುದಿಲ್ಲ.

ಆದ್ದರಿಂದ ತಪಾಸಣೆಯ ಕಾಲ ಬೇಸಿಗೆ. ಮೇ ತಿಂಗಳಲ್ಲಿ, ನದಿ ಬತ್ತಿದ್ದರೂ, ದೊಡ್ಡ ಬ್ಯಾರೆಲ್ಲಿಗೆ ನೀರು ತುಂಬಿ ಮೋಟಾರಿನ ಕಾಲನ್ನು ಮುಳುಗಿಸಿ ಓಡಿಸಿ ನೋಡಬಹುದು. ಹಳೆಯ ಪೆಟ್ರೋಲು ಚೆಲ್ಲಿ ಹೊಸದು ಹಾಕಬೇಕು. ಕೆಳಗಿನ ಗೇರು ಪೆಟ್ಟಿಗೆಯ ಎಣ್ಣೆ ಒಂದಿಷ್ಟು ಇಳಿಸಿ ನೋಡಬೇಕು. ಮಜ್ಜಿಗೆಯ ಬಣ್ಣ ಬಂದಿದ್ದರೆ ಸೀಲು ಹರಿದು ನೀರು ಹೊಕ್ಕಿದೆ ಎಂದರ್ಥ. ಹಗ್ಗ ಎಳೆದು ಚಾಲೂ ಮಾಡಿದ ಮೇಲೆ ಎಂಜಿನ್ನಿನ ಪಕ್ಕದ ಸಣ್ಣ ತೂತಿನತ್ತ ಗಮನವಿರಲಿ. ಅಲ್ಲಿಂದ ಪೆನ್ಸಿಲ್ ದಪ್ಪದ ನೀರಿನ ಧಾರೆ ಬಿಡದೆ ಚಿಮ್ಮಬೇಕು. ಚಿಮ್ಮದಿದ್ದರೆ ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಿ ಇಂಪೆಲ್ಲರ್ ಬದಲಿಸಬೇಕು. ಕೃಷ್ಣೆ ತುಂಬಲು ಆಗ ಇನ್ನೂ ಎರಡು ತಿಂಗಳಿರುತ್ತದೆ.